ಯುದ್ಧವೂ ಕಡತವೂ

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಐ.ಎ.ಎಸ್. ಪರೀಕ್ಷೆಗೆ ಓದುತ್ತಿರುವ ಮಕ್ಕಳ ಸಂಖ್ಯೆ ಕಡಿಮೆಯೇನಲ್ಲ. ಊರಿನಿಂದ ಬಂದು ದೆಹಲಿಯ ರಾಜಿಂದರ್ ನಗರದಲ್ಲಿ ಕೋಣೆ ಹಿಡಿದು ಓದುವ ತರುಣರೂ ರಾಜ್ಯೋತ್ಸವಕ್ಕೋ ಯುಗಾದಿಯ ಊಟಕ್ಕೋ ಬಂದಾಗ ಪರಿಚಯವಾಗುತ್ತಾರೆ. ಇವರ ಟಿಪ್ಪಣಿ ಪುಸ್ತಕಗಳನ್ನು ತಿರುವಿ ಹಾಕುವುದು ನನಗೊಂದು ಚಟ. ಇತಿಹಾಸ, ಭೂಗೋಳ, ಅರ್ಥಶಾಸ್ತ್ರ ಎಲ್ಲವೂ ಅಚ್ಚುಕಟ್ಟು. ಆದರೆ ರಾಷ್ಟ್ರದ ಭದ್ರತೆ ಮತ್ತು ರಕ್ಷಣೆ ಎಂಬ ಭಾಗಕ್ಕೆ ಬಂದರೆ ಅಲ್ಲಿರುವುದು ಬರೀ ಪಟ್ಟಿ: ಸಮಿತಿಗಳ ಹೆಸರು, ಪಡೆಗಳ ಹೆಸರು, ಇಸವಿ. ಮಗ್ಗಿಯ ಹಾಗೆ ಬಾಯಿಪಾಠ.

ತಪ್ಪು ಮಕ್ಕಳದ್ದಲ್ಲ. 2013ರಲ್ಲಿ ಯು.ಪಿ.ಎಸ್.ಸಿ. ಪಠ್ಯಕ್ರಮವನ್ನು ಬದಲಾಯಿಸಿ ಸಾಮಾನ್ಯ ಅಧ್ಯಯನವನ್ನು ನಾಲ್ಕು ಪತ್ರಿಕೆಗಳನ್ನಾಗಿ ಮಾಡಿತು. 250 ಅಂಕಗಳ ಮೂರನೆಯ ಪತ್ರಿಕೆಯಲ್ಲಿ ಆಂತರಿಕ ಭದ್ರತೆ, ಗಡಿಪ್ರದೇಶಗಳ ನಿರ್ವಹಣೆ, ಭದ್ರತಾ ಪಡೆಗಳು ಮತ್ತು ಅವುಗಳ ಹೊಣೆ ಎಂಬ ವಿಷಯಗಳು ಬಂದು ಸೇರಿದವು. ಇತಿಹಾಸದ ಪುಸ್ತಕಗಳೋ ಬಹುಮಟ್ಟಿಗೆ 1947ಕ್ಕೆ ಮುಗಿಯುತ್ತವೆ. ಹಾಗಾಗಿ ಈ ವಿಷಯ ಹಿನ್ನೆಲೆಯಿಲ್ಲದೆ, ತಂದೆತಾಯಿಯಿಲ್ಲದ ಮಗುವಿನಂತೆ ನಿಂತಿದೆ. ಅದಕ್ಕೊಂದು ವಂಶಾವಳಿ ಉಂಟು. ಕೇಂದ್ರ ಸರ್ಕಾರದ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದ ಗುಮಾಸ್ತನಿಗೆ ಆ ವಂಶಾವಳಿ ಯುದ್ಧಭೂಮಿಗಿಂತ ಹೆಚ್ಚಾಗಿ ಫೈಲುಗಳಲ್ಲಿಯೇ ಕಾಣುತ್ತದೆ. ಯಾರು ಸಹಿ ಹಾಕಬೇಕು, ಯಾರನ್ನು ಕೇಳಬೇಕು, ಯಾರಿಗೆ ತಿಳಿಸಬೇಕು ಎಂಬ ಮೂರು ಪ್ರಶ್ನೆಗಳೇ ಅದರ ಬೇರು.

ಜಗಳ ಹಳೆಯದು. ಬ್ರಿಟಿಷರ ಕಾಲದಲ್ಲಿ ವೈಸರಾಯರ ಮಂಡಲಿಯಲ್ಲಿ ಮಹಾದಂಡನಾಯಕನಲ್ಲದೆ ಇನ್ನೊಬ್ಬ ಸೈನಿಕ ಸದಸ್ಯನೂ ಇದ್ದ. ದಂಡನಾಯಕನ ಪ್ರಸ್ತಾಪಗಳು ಈ ಸದಸ್ಯನ ಇಲಾಖೆಯ ಮೂಲಕವೇ ಹೋಗಬೇಕು. ದರ್ಜೆಯಲ್ಲಿ ಕಿರಿಯನಾದ ಇವನು ಅವುಗಳ ಮೇಲೆ ತನ್ನ ಅಭಿಪ್ರಾಯ ಬರೆಯಬಹುದು. ಲಾರ್ಡ್ ಕಿಚನರ್ ದಂಡನಾಯಕನಾಗಿ ಬಂದಾಗ ಇದನ್ನು ಸಹಿಸಲಿಲ್ಲ. ಎರಡು ಅಧಿಕಾರವೂ ಒಬ್ಬನಲ್ಲೇ ಇರಬೇಕೆಂದು ಹಟ ಹಿಡಿದ. ವೈಸರಾಯ್ ಕರ್ಜನ್ ಒಪ್ಪಲಿಲ್ಲ. ಲಂಡನ್ ಸರ್ಕಾರ ಕಿಚನರನ ಕಡೆ ವಾಲಿತು. 1905ರ ಆಗಸ್ಟಿನಲ್ಲಿ ಕರ್ಜನ್ ರಾಜೀನಾಮೆ ಕೊಟ್ಟ. ಬಂಗಾಳದ ವಿಭಜನೆಯ ವರ್ಷವೆಂದು ನಾವೆಲ್ಲ ಓದಿರುವ ವರ್ಷ ಅದೇ. ಆದರೆ ಕರ್ಜನ್ ಮನೆಗೆ ಹೋದದ್ದು ಒಂದು ಟಿಪ್ಪಣಿಯ ದಾರಿಯ ಜಗಳದಿಂದ.

ಹತ್ತು ವರ್ಷಗಳಲ್ಲೇ ಫಲ ಕಂಡಿತು. ಮೊದಲ ಮಹಾಯುದ್ಧದಲ್ಲಿ ಭಾರತದಿಂದ ಮೆಸಪೊಟೇಮಿಯಕ್ಕೆ ಹೋದ ಸೈನ್ಯ ಕುತ್ ಎಂಬ ಊರಿನಲ್ಲಿ ಸಿಕ್ಕಿಬಿದ್ದು 1916ರ ಏಪ್ರಿಲ್‌ನಲ್ಲಿ ತುರ್ಕರಿಗೆ ಶರಣಾಯಿತು. ಗಾಯಾಳುಗಳಿಗೆ ಔಷಧವಿಲ್ಲ, ಸಾಗಿಸಲು ದೋಣಿಗಳಿಲ್ಲ. ವಿಚಾರಣಾ ಆಯೋಗವು 1917ರಲ್ಲಿ ಕೊಟ್ಟ ವರದಿಯಲ್ಲಿ, ದಂಡನಾಯಕನ ಕೆಲಸವನ್ನೂ ಸೈನಿಕ ಸದಸ್ಯನ ಕೆಲಸವನ್ನೂ ಯುದ್ಧಕಾಲದಲ್ಲಿ ಒಬ್ಬನೇ ಮಾಡಲಾರನೆಂದು ಸ್ಪಷ್ಟವಾಗಿ ಹೇಳಿತು. ಆದರೂ ಆ ಏರ್ಪಾಡು ಮುಂದುವರಿಯಿತು. ಸ್ವಾತಂತ್ರ್ಯದ ಹೊಸ್ತಿಲವರೆಗೂ ಮಹಾದಂಡನಾಯಕ ವೈಸರಾಯನ ನಂತರದ ಸ್ಥಾನದಲ್ಲಿದ್ದ.

ಅವನಿಗಾಗಿ ಕಟ್ಟಿಸಿದ ಬಂಗಲೆಯನ್ನು ದೆಹಲಿಗೆ ಬಂದ ನಮ್ಮ ಬಂಧುಗಳೆಲ್ಲರೂ ನೋಡಿರುತ್ತಾರೆ. ಅದೇ ತೀನ್ ಮೂರ್ತಿ ಭವನ. ಮುಂದಿನ ವೃತ್ತದಲ್ಲಿ ನಿಂತ ಮೂರು ವಿಗ್ರಹಗಳಲ್ಲಿ ಒಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರ ನೆನಪಿನದು. ಉಳಿದೆರಡು ಹೈದರಾಬಾದಿನದೂ ಜೋಧಪುರದ್ದೂ. 1948ರಲ್ಲಿ ಆ ಮನೆಗೆ ಪಂಡಿತ ನೆಹರು ಬಂದರು. ದಂಡನಾಯಕನ ಮನೆ ಪ್ರಧಾನಿಯ ಮನೆಯಾಯಿತು. ಸೇನೆಯ ಮೇಲೆ ಜನಪ್ರತಿನಿಧಿಗಳ ಹಿಡಿತ ಎಂಬ ತತ್ತ್ವವನ್ನು ಇದಕ್ಕಿಂತ ಸುಲಭವಾಗಿ ವಿವರಿಸುವ ಚಿತ್ರ ನನಗೆ ಗೊತ್ತಿಲ್ಲ.

ಆಡಳಿತದ ಚೌಕಟ್ಟನ್ನು ಮಾತ್ರ 1947ರಲ್ಲಿಯೇ ಮೌಂಟ್‌ಬ್ಯಾಟನ್ನರ ಸಹಾಯಕ ಲಾರ್ಡ್ ಇಸ್ಮೇ ಹಾಕಿಕೊಟ್ಟಿದ್ದರು. ಮೇಲೆ ಮಂತ್ರಿಮಂಡಲದ ರಕ್ಷಣಾ ಸಮಿತಿ, ಅದರ ಕೆಳಗೆ ರಕ್ಷಣಾ ಮಂತ್ರಿಗಳ ಸಮಿತಿ, ಅದರ ಕೆಳಗೆ ಮೂರು ಪಡೆಗಳ ಮುಖ್ಯಸ್ಥರ ಸಮಿತಿ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. 1949ರ ಜನವರಿ 15ರಂದು ಕೊಡಗಿನ ಕೆ.ಎಂ. ಕಾರ್ಯಪ್ಪನವರು ಮೊದಲ ಭಾರತೀಯ ಮಹಾದಂಡನಾಯಕರಾದರು. 1955ರಲ್ಲಿ ಕಾಯಿದೆಯ ಮೂಲಕ ಆ ಬಿರುದನ್ನು ತೆಗೆದು 'ಸೇನಾ ಸಿಬ್ಬಂದಿ ಮುಖ್ಯಸ್ಥ' ಎಂದು ಬದಲಾಯಿಸಲಾಯಿತು.

ಇಲ್ಲೊಂದು ಕಚೇರಿಯ ಸೂಕ್ಷ್ಮವಿದೆ. ಸರ್ಕಾರದಲ್ಲಿ ಮಂತ್ರಾಲಯ ಬೇರೆ, ಅದಕ್ಕೆ ಲಗತ್ತಾದ ಕಚೇರಿ ಬೇರೆ. ಮಂತ್ರಾಲಯದ ಮಾತು ಸರ್ಕಾರದ ಮಾತು. ಲಗತ್ತು ಕಚೇರಿ ಪತ್ರ ಬರೆಯುತ್ತದೆ. ಮಂತ್ರಾಲಯ ಅದನ್ನು ತನ್ನ ಫೈಲಿಗೆ ಸೇರಿಸಿ ಕೆಳಗಿನಿಂದ ಟಿಪ್ಪಣಿ ಆರಂಭಿಸುತ್ತದೆ. ಮೂರೂ ಪಡೆಗಳ ಕೇಂದ್ರ ಕಚೇರಿಗಳು ಇಂಥ ಲಗತ್ತು ಕಚೇರಿಗಳಾಗಿದ್ದವು. ಅಂದರೆ ಜನರಲ್ ಒಬ್ಬರು ಕಳಿಸಿದ ಪ್ರಸ್ತಾಪಕ್ಕೆ ಮೊದಲ ಷರಾ ಬರೆಯುವವನು ನನ್ನಂಥವನೇ. ನನ್ನ ಜಾತಿಯವರ ಮೇಲೆ ನನಗೆ ಅಭಿಮಾನವುಂಟು. ಆದರೂ ಹೇಳುತ್ತೇನೆ, ಇದು ಸರಿಯಾದ ಏರ್ಪಾಡಲ್ಲ. ಜನಪ್ರತಿನಿಧಿಗಳ ಹಿಡಿತ ಎಂಬುದು ಕ್ರಮೇಣ ಕಾರ್ಯಾಲಯದ ಹಿಡಿತವಾಗಿ ಇಳಿಯಿತು.

ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯನವರು 1959ರ ಆಗಸ್ಟ್ 31ರಂದು ರಾಜೀನಾಮೆ ಬರೆದುಕೊಟ್ಟದ್ದು ಈ ಬಿಕ್ಕಟ್ಟಿನ ನಡುವೆ. ಬಡ್ತಿಗಳ ವಿಷಯದಲ್ಲಿಯೂ ಕೆಲಸದ ರೀತಿಯಲ್ಲಿಯೂ ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರೊಡನೆ ಅವರಿಗೆ ಹೊಂದಲಿಲ್ಲ. ನೆಹರು ಕರೆದು ಮಾತಾಡಿ ಹಿಂತೆಗೆಸಿಕೊಂಡರು. ಆಮೇಲೆ ಪಾರ್ಲಿಮೆಂಟಿನಲ್ಲಿ ಜನಪ್ರಭುತ್ವದ ಅಧಿಕಾರವೇ ಮೇಲೆಂದು ಹೇಳಿದರು. ಗೈಡುಗಳು ಈ ಪ್ರಸಂಗವನ್ನು ಆ ತತ್ತ್ವದ ಉದಾಹರಣೆಯಾಗಿ ಎರಡು ಸಾಲಿನಲ್ಲಿ ಮುಗಿಸುತ್ತವೆ. ತತ್ತ್ವ ಸರಿಯೇ. ಆದರೆ ಸೇನಾ ಮುಖ್ಯಸ್ಥನ ವೃತ್ತಿಪರ ಸಲಹೆ ಮಂತ್ರಿಮಂಡಲವನ್ನು ತಲುಪಲು ಮಂತ್ರಿಯೊಬ್ಬರ ಮರ್ಜಿಯಲ್ಲದೆ ಬೇರೆ ದಾರಿ ಯಾವುದು ಎಂಬ ಪ್ರಶ್ನೆಗೆ ಅಂದು ಯಾರೂ ಉತ್ತರ ಹೇಳಲಿಲ್ಲ.

ಮೂರು ವರ್ಷಗಳ ನಂತರ ಅದರ ಬೆಲೆ ತೆರಬೇಕಾಯಿತು. 1962ರ ಸೆಪ್ಟೆಂಬರ್ 8ರಂದು ಈಶಾನ್ಯ ಗಡಿಯ ಥಗ್ ಲಾ ಬೆಟ್ಟದ ಸಾಲಿನಿಂದ ಚೀನೀ ಸೈನಿಕರು ಇಳಿದು ಬಂದರು. ಪ್ರಧಾನಿ ಕಾಮನ್‌ವೆಲ್ತ್ ಸಮ್ಮೇಳನಕ್ಕಾಗಿ ಲಂಡನ್ನಿನಲ್ಲಿದ್ದರು. ರಕ್ಷಣಾ ಮಂತ್ರಿ ವಿಶ್ವಸಂಸ್ಥೆಗಾಗಿ ನ್ಯೂಯಾರ್ಕಿನಲ್ಲಿದ್ದರು. 22ನೆಯ ತಾರೀಖು ದೆಹಲಿಯಲ್ಲಿ ಕಿರಿಯ ಮಂತ್ರಿಯೊಬ್ಬರ ಅಧ್ಯಕ್ಷತೆಯಲ್ಲಿ ಸಭೆ ಸೇರಿತು. ಚೀನೀಯರನ್ನು ಹೊರದೂಡಬೇಕೆಂಬ ಮಾತು ಹಿಂದಿನ ಸಭೆಗಳಿಂದಲೂ ಇತ್ತು. ಸೇನಾ ಮುಖ್ಯಸ್ಥ ಜನರಲ್ ಥಾಪರ್ ತಮ್ಮ ಆತಂಕಗಳನ್ನು ಹೇಳಿ, ಕೊನೆಗೆ ಲಿಖಿತ ಆದೇಶ ಬೇಕೆಂದು ಕೇಳಿದರು. ಮಂತ್ರಾಲಯದ ಜಂಟಿ ಕಾರ್ಯದರ್ಶಿ ಎಚ್.ಸಿ. ಸರೀನ್ ಅವರ ಸಹಿಯಿದ್ದ ಒಂದು ಚಿಕ್ಕ ಪತ್ರ ಅವರ ಕೈಗೆ ಬಂತು. ಸಿದ್ಧವಾದ ಕೂಡಲೇ ಚೀನೀಯರನ್ನು ಹೊರಹಾಕತಕ್ಕದ್ದು ಎಂಬುದು ಅದರ ಸಾರ.

ಆ ಪತ್ರದ ಮುಂದೆ ಸ್ವಲ್ಪ ನಿಲ್ಲಬೇಕು. ಒಂದು ಮಹಾದೇಶದ ಸೈನ್ಯ ಇನ್ನೊಂದು ಮಹಾದೇಶದ ಸೈನ್ಯದ ಮೇಲೆ ಹೋಗಬೇಕೆಂಬ ಆಜ್ಞೆಯ ಅಡಿಯಲ್ಲಿ ಪ್ರಧಾನಿಯ ಸಹಿಯಿಲ್ಲ, ಮಂತ್ರಿಯ ಸಹಿಯಿಲ್ಲ. ಕಾಲುವೆಯ ಅನುದಾನಕ್ಕೋ ಕಟ್ಟಡದ ಬಾಡಿಗೆಗೋ ಹಾಕುವಂಥ ಅಧಿಕಾರಿಯ ಸಹಿ. ಸರೀನರನ್ನು ಹಳಿದು ಪ್ರಯೋಜನವಿಲ್ಲ. ಅವರು ಮೇಲಿನವರ ತೀರ್ಮಾನವನ್ನು ಬರಹಕ್ಕಿಳಿಸಿದರು, ಅಷ್ಟೆ. ಜನರಲ್ ಥಾಪರರೂ ಕಾಗದ ಕೇಳಿದ್ದು ಮುಂದೆ ತಮ್ಮ ರಕ್ಷಣೆಗಿರಲಿ ಎಂದೇ ಇರಬೇಕು. ಕಚೇರಿಯಲ್ಲಿ ನಾವೂ ಹಾಗೆಯೇ ಕೇಳುತ್ತೇವೆ. ಆದರೆ ಆಗುವುದಿಲ್ಲವೆಂದು ಕಂಡ ಕೆಲಸಕ್ಕೆ ಬರಹದ ಅಪ್ಪಣೆ ಪಡೆದ ಮಾತ್ರಕ್ಕೆ ಅದು ಆಗುವ ಕೆಲಸವಾಗುವುದಿಲ್ಲ.

ಆ ಪತ್ರದ ಇನ್ನೊಂದು ತುದಿಯಲ್ಲಿ ನಾಮ್ಕಾ ಚು ಹೊಳೆಯಿತ್ತು. ಹತ್ತು ಸಾವಿರ ಅಡಿಗೂ ಮೇಲಿನ ಕಣಿವೆ. ಬ್ರಿಗೇಡಿಯರ್ ಜಾನ್ ದಳವಿಯವರ 7ನೆಯ ಬ್ರಿಗೇಡಿನ ಸೈನಿಕರಲ್ಲಿ ಅನೇಕರ ಮೈಮೇಲೆ ಬೇಸಿಗೆಯ ಹತ್ತಿಬಟ್ಟೆ. ಅಕ್ಟೋಬರ್ 12ರಂದು ಕೊಲಂಬೋಗೆ ಹೊರಟ ನೆಹರು, ನಮ್ಮ ನೆಲ ಬಿಡಿಸಿಕೊಳ್ಳಲು ಸೇನೆಗೆ ಹೇಳಿದ್ದೇವೆಂದು ಪತ್ರಿಕೆಯವರ ಮುಂದೆ ಹೇಳಿದರು. 20ನೆಯ ತಾರೀಖಿನ ಬೆಳಗಿನ ಜಾವ ಚೀನೀಯರೇ ಮೇಲೆ ಬಿದ್ದರು. ಕೆಲವೇ ಗಂಟೆಗಳಲ್ಲಿ ಬ್ರಿಗೇಡು ನುಚ್ಚುನೂರಾಯಿತು. ಸೆರೆ ಸಿಕ್ಕ ದಳವಿ ಮುಂದಿನ ವರ್ಷ ಬಿಡುಗಡೆಯಾಗಿ ಬಂದು ಬರೆದ 'ಹಿಮಾಲಯನ್ ಬ್ಲಂಡರ್' ರವಿ ಬೆಳಗೆರೆಯವರ ಅನುವಾದದಿಂದ ಕನ್ನಡಿಗರಿಗೆ ಪರಿಚಿತ. ಪರೀಕ್ಷೆಗೆ ಓದುವವರು ಅದನ್ನು ಕಣ್ಣೀರಿಗಾಗಿ ಓದದೆ, ಯಾವ ಆಜ್ಞೆ ಯಾರಿಂದ ಯಾವಾಗ ಬಂತೆಂದು ಪೆನ್ಸಿಲ್ ಹಿಡಿದು ಓದಬೇಕು.

ಸೋಲಿನ ವಿಚಾರಣೆ ನಡೆಸಿದವರು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪ್ರೇಮ್ ಭಗತ್. ಅವರಿಗೆ ವಹಿಸಿದ್ದು ಸೈನ್ಯದ ಕಾರ್ಯಾಚರಣೆ ಮಾತ್ರ. ಮಂತ್ರಾಲಯದ ಕಡತಗಳು ಆ ವ್ಯಾಪ್ತಿಗೆ ಬರಲಿಲ್ಲ. ಹೊಸ ರಕ್ಷಣಾ ಮಂತ್ರಿ ಯಶವಂತರಾವ್ ಚವಾಣ್ 1963ರ ಸೆಪ್ಟೆಂಬರ್‌ನಲ್ಲಿ ಪಾರ್ಲಿಮೆಂಟಿಗೆ ಸಾರಾಂಶ ಹೇಳಿದರು. ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. 2014ರಲ್ಲಿ ಅದರ ಒಂದು ಭಾಗವನ್ನು ವಿದೇಶೀ ಪತ್ರಕರ್ತರೊಬ್ಬರು ಹೊರಗೆಡವಿದರು. ಚವಾಣರು ಮಾಡಿದ ಒಳ್ಳೆಯ ಕೆಲಸವೆಂದರೆ ಪ್ರತಿದಿನ ಬೆಳಿಗ್ಗೆ ಮೂರು ಪಡೆಗಳ ಮುಖ್ಯಸ್ಥರನ್ನೂ ಕಾರ್ಯದರ್ಶಿಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸಿದ್ದು. ಆದರೆ ಅದು ವ್ಯಕ್ತಿಯ ಗುಣ, ನಿಯಮವಾಗಲಿಲ್ಲ. 1971ರ ಡಿಸೆಂಬರಿನ ಗೆಲುವನ್ನು ನಾನು ಇದೇ ಲೆಕ್ಕಕ್ಕೆ ಸೇರಿಸುತ್ತೇನೆ. ಇಂದಿರಾ ಗಾಂಧಿ, ಮಾಣೆಕ್ ಷಾ, ಹಕ್ಸರ್, 1968ರಲ್ಲಿ ಸ್ಥಾಪಿತವಾದ ಹೊರದೇಶದ ಗೂಢಚಾರ ಸಂಸ್ಥೆಯ ಕಾವ್ ಇವರೆಲ್ಲ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿದರು. ಗೆದ್ದ ಮೇಲೆ ಚೌಕಟ್ಟನ್ನು ಸರಿಪಡಿಸುವ ತುರ್ತು ಯಾರಿಗೂ ಕಾಣಲಿಲ್ಲ.

ಆ ತುರ್ತನ್ನು ಬಿಡದೆ ಹೇಳುತ್ತ ಬಂದವರು ಕೆ. ಸುಬ್ರಹ್ಮಣ್ಯಂ. ಮದರಾಸಿನಲ್ಲಿ ರಸಾಯನಶಾಸ್ತ್ರ ಓದಿ, ಐ.ಎ.ಎಸ್. ಸೇರಿ, ರಕ್ಷಣಾ ಮಂತ್ರಾಲಯದಲ್ಲಿ ದುಡಿದು, 1968ರಿಂದ ರಕ್ಷಣಾ ಅಧ್ಯಯನ ಸಂಸ್ಥೆಯ ನಿರ್ದೇಶಕರಾದವರು. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಇನ್ನೊಬ್ಬರನ್ನೂ ನೆನೆಯಬೇಕು. ಮೊದಲು ಪ್ರಿಲಿಮಿನರಿ, ಆಮೇಲೆ ಮೈನ್ ಎಂಬ, 1979ರಲ್ಲಿ ಜಾರಿಗೆ ಬಂದ ಪರೀಕ್ಷಾ ಪದ್ಧತಿಯನ್ನು ಸೂಚಿಸಿದ ಸಮಿತಿಯ ಅಧ್ಯಕ್ಷ ಡಿ.ಎಸ್. ಕೊಠಾರಿಯವರು ಭೌತವಿಜ್ಞಾನಿ, 1948ರಿಂದ 1961ರವರೆಗೆ ರಕ್ಷಣಾ ಮಂತ್ರಿಗಳಿಗೆ ವೈಜ್ಞಾನಿಕ ಸಲಹೆಗಾರರಾಗಿದ್ದವರು. ಪರೀಕ್ಷೆಗೂ ರಕ್ಷಣೆಗೂ ನಂಟು ಇಂದಿನದಲ್ಲ.

1999ರ ಮೇ ತಿಂಗಳಲ್ಲಿ ಕಾರ್ಗಿಲ್ ಬೆಟ್ಟಗಳಲ್ಲಿ ಪಾಕಿಸ್ತಾನಿಗಳು ನೆಲೆಯೂರಿದ ಸುದ್ದಿ ಮೊದಲು ಬಂದದ್ದು ದನ ಕಾಯುವವರಿಂದ. ಐನೂರಕ್ಕೂ ಹೆಚ್ಚು ಯೋಧರು ಪ್ರಾಣ ಕೊಟ್ಟ ಮೇಲೆ ಆ ಶಿಖರಗಳು ಮರಳಿ ಬಂದವು. ಜುಲೈ ಕೊನೆಯಲ್ಲಿ ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿ ನೇಮಕವಾಯಿತು. 2000ದ ಫೆಬ್ರವರಿಯಲ್ಲಿ ವರದಿ ಪಾರ್ಲಿಮೆಂಟಿನ ಮುಂದೆ ಬಂತು, ಕೆಲವು ಭಾಗಗಳನ್ನು ಬಿಟ್ಟು.

ಆ ವರದಿಯಲ್ಲಿ ಗುಮಾಸ್ತನ ಎದೆ ಝಲ್ಲೆನ್ನಿಸುವ ಒಂದು ಪ್ರಸಂಗವಿದೆ. ದಾಳಿಗೆ ಸುಮಾರು ಒಂದು ವರ್ಷ ಮೊದಲು, 1998ರ ಜೂನ್‌ನಲ್ಲಿ, ಕಾರ್ಗಿಲ್ ಎದುರಿನ ಆಚೆ ಬದಿಯ ಚಟುವಟಿಕೆಗಳ ಬಗ್ಗೆ ಗುಪ್ತಚಾರ ದಳದ ನಿರ್ದೇಶಕರೇ ಒಂದು ವರದಿ ಕಳಿಸಿದ್ದರು. ಪ್ರಧಾನಿ, ಗೃಹಮಂತ್ರಿ, ಸಂಪುಟ ಕಾರ್ಯದರ್ಶಿ ಮುಂತಾದವರಿಗೆ ಅದು ಹೋಯಿತು. ಹೋಗದೆ ಉಳಿದದ್ದು ಮೂವರಿಗೆ: ಹೊರದೇಶದ ಗೂಢಚಾರ ಸಂಸ್ಥೆಯ ಮುಖ್ಯಸ್ಥರು, ಗುಪ್ತ ವರ್ತಮಾನಗಳನ್ನು ಒಟ್ಟುಗೂಡಿಸುವ ಸಮಿತಿಯ ಅಧ್ಯಕ್ಷರು, ಸೈನ್ಯದ ಗುಪ್ತಚಾರ ವಿಭಾಗದ ಮುಖ್ಯಸ್ಥರು. ತುಣುಕುಗಳನ್ನು ಜೋಡಿಸಬೇಕಾದವರೇ ಈ ಮೂವರು! ಪತ್ರದ ಕೆಳಗಿನ 'ಪ್ರತಿ ರವಾನೆ' ಎಂಬ ಸಾಲುಗಳನ್ನು ನಾವು ಎಷ್ಟು ಯಾಂತ್ರಿಕವಾಗಿ ಟೈಪು ಮಾಡುತ್ತೇವೆ ಎಂಬುದು ಸರ್ಕಾರಿ ನೌಕರಿಯಲ್ಲಿರುವ ಓದುಗರಿಗೆ ಗೊತ್ತು.

ಇಸ್ಮೇ ಹಾಕಿದ ಚೌಕಟ್ಟು ಐವತ್ತೆರಡು ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿಲ್ಲವೆಂದು ಸಮಿತಿ ಬರೆಯಿತು. 2001ರಲ್ಲಿ ಮಂತ್ರಿಗಳ ತಂಡವೊಂದು ಮೂರು ಪಡೆಗಳಿಗೂ ಸೇರಿ ಒಬ್ಬ ಮುಖ್ಯಸ್ಥ ಬೇಕೆಂದು ಶಿಫಾರಸು ಮಾಡಿತು. ಲಗತ್ತು ಕಚೇರಿಗಳಿಗೆ 'ಸಮಗ್ರ ಕೇಂದ್ರ ಕಚೇರಿ' ಎಂಬ ಹೊಸ ಫಲಕ ಬಂತು. ಫಲಕ ಬಂದಷ್ಟು ಬೇಗ ಅಧಿಕಾರ ಬರಲಿಲ್ಲ. ಮುಖ್ಯಸ್ಥನ ಹುದ್ದೆಗೆ 2020ರ ಜನವರಿ 1ರವರೆಗೆ ಕಾಯಬೇಕಾಯಿತು. ಅಂದು ಜನರಲ್ ಬಿಪಿನ್ ರಾವತ್ ಅಧಿಕಾರ ವಹಿಸಿಕೊಂಡರು. ಅವರೇ ಕಾರ್ಯದರ್ಶಿಯಾಗಿ ಸೈನಿಕ ವ್ಯವಹಾರಗಳ ಇಲಾಖೆಯೂ ಮಂತ್ರಾಲಯದೊಳಗೆ ಹುಟ್ಟಿತು.

ಅಭ್ಯರ್ಥಿಗಳು ಇಲ್ಲಿ ಕಾರ್ಯಹಂಚಿಕೆಯ ನಿಯಮಗಳನ್ನೊಮ್ಮೆ ತೆರೆದು ನೋಡುವುದು ಒಳಿತು. 1961ರ ಈ ನಿಯಮಗಳಿಗೆ ಆಗ ತಂದ ತಿದ್ದುಪಡಿಯಲ್ಲಿ ಭೂಸೇನೆ, ನೌಕಾಸೇನೆ, ವಾಯುಸೇನೆಗಳು ಹೊಸ ಇಲಾಖೆಗೆ ಬಂದವು. 'ಭಾರತದ ರಕ್ಷಣೆ' ಎಂಬ ಬಾಬು ಮಾತ್ರ ಹಳೆಯ ರಕ್ಷಣಾ ಇಲಾಖೆಯಲ್ಲಿಯೇ ಉಳಿಯಿತು. ಸೇನೆ ಒಂದು ಇಲಾಖೆಯಲ್ಲಿ, ರಕ್ಷಣೆ ಇನ್ನೊಂದರಲ್ಲಿ! ಹತ್ತು ಅಂಕದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಮೈನ್ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಕಾರ್ಗಿಲ್ ಸಮಿತಿಯ ವರದಿ ಪುಸ್ತಕವಾಗಿ ಬಂದಿದ್ದು ಒಂದು ಪ್ರತಿ ನನ್ನಲ್ಲಿದೆ. ಬೇಕಾದ ಮಕ್ಕಳು ಭಾನುವಾರ ಬೆಳಿಗ್ಗೆ ಸಂಘದ ವಾಚನಾಲಯದಲ್ಲಿ ಕೇಳಿ ತೆಗೆದುಕೊಳ್ಳಬಹುದು; ಅಂಚಿನಲ್ಲಿ ನಾನು ಬರೆದಿರುವ ಷರಾಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.