ಚೀನದೇಶದ ಸರ್ಕಾರಿ ವಿದ್ಯಾರ್ಥಿವೇತನಗಳು

ವಿದ್ಯಾರ್ಜನೆಗಾಗಿ ದೇಶಾಂತರಕ್ಕೆ ಹೋಗುವುದು ಪೂರ್ವದೇಶಗಳಿಗೆ ಹೊಸದೇನೂ ಅಲ್ಲ. ಏಳನೆಯ ಶತಮಾನದಲ್ಲಿ ಚೀನದ ಹ್ಯೂಯೆನ್‌ತ್ಸಾಂಗನು ನಾಲಂದದಲ್ಲಿ ಶಿಷ್ಯನಾಗಿದ್ದು, ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಕಂಡು ಹೋದನೆಂಬುದು ವಾಚಕರಿಗೆ ವಿದಿತವೇ ಆಗಿದೆ. ಆದರೆ ಆ ಮಹನೀಯನು ಸ್ವದೇಶವನ್ನು ಬಿಟ್ಟದ್ದು ರಾಜಾಜ್ಞೆಯನ್ನು ಮೀರಿ. ಅದೇ ದೇಶದ ಸರ್ಕಾರವು ತನ್ನ ಬೊಕ್ಕಸದಿಂದ ಹಣವನ್ನು ತೆತ್ತು ಬಾಲಕರನ್ನು ಅಮೆರಿಕಾ ಖಂಡಕ್ಕೆ ಓದಲು ಕಳುಹಿಸಿದ್ದು 1872ನೆಯ ಇಸವಿಯಲ್ಲಿ. ಆ ಪ್ರಯತ್ನವು ಮುರಿದುಬಿದ್ದ ಬಗೆಯೂ, ಮುರಿದದ್ದು ಮುಂದೆ ಫಲಕೊಟ್ಟ ಬಗೆಯೂ ವಿಚಾರಾರ್ಹವಾಗಿವೆ.

ಈ ಕಾರ್ಯದ ಮೂಲಪುರುಷನು ಯುಂಗ್ ವಿಂಗ್ ಎಂಬವನು. 1828ರಲ್ಲಿ ಮಕಾವ್ ಬಳಿಯ ಒಂದು ಬಡ ಮನೆತನದಲ್ಲಿ ಹುಟ್ಟಿದ ಈತನು, ಪಾದ್ರಿಗಳ ಶಾಲೆಯಲ್ಲಿ ಓದಿ, 1847ರಲ್ಲಿ ತನ್ನ ಉಪಾಧ್ಯಾಯನೊಡನೆ ಅಮೆರಿಕಾಕ್ಕೆ ಹೋದನು. ಮುಂದೆ ಪಾದ್ರಿಯಾಗುವೆನೆಂದು ವಾಗ್ದಾನ ಮಾಡಿದರೆ ಕಾಲೇಜಿನ ವೆಚ್ಚವನ್ನು ಕೊಡುವುದಾಗಿ ಧರ್ಮದರ್ಶಿಗಳು ಹೇಳಿದರು. ಕೈಯಲ್ಲಿ ಕಾಸಿಲ್ಲದಿದ್ದರೂ ಅವನು ಅದಕ್ಕೆ ಒಪ್ಪಲಿಲ್ಲ. ದೇಶಕ್ಕೆ ಯಾವ ರೀತಿಯಿಂದ ಉಪಯೋಗಿಯಾಗಬೇಕೆಂಬುದನ್ನು ತಾನೇ ನಿಶ್ಚಯಿಸಬೇಕೆಂಬುದು ಅವನ ಹಟವಾಗಿದ್ದಿತು. ಬೇರೆ ದಾನಿಗಳ ನೆರವಿನಿಂದಲೂ ಸ್ವಂತ ದುಡಿಮೆಯಿಂದಲೂ ಓದಿ, 1854ರಲ್ಲಿ ಯೇಲ್ ವಿದ್ಯಾಪೀಠದ ಪದವಿಯನ್ನು ಪಡೆದನು. ಅಮೆರಿಕಾದ ವಿದ್ಯಾಪೀಠದಿಂದ ಪದವೀಧರನಾದ ಚೀನೀಯರಲ್ಲಿ ಈತನೇ ಮೊದಲನೆಯವನು.

ತನಗೆ ದೊರೆತ ವಿದ್ಯೆಯು ತನ್ನ ದೇಶದ ಮಕ್ಕಳಿಗೂ ದೊರೆಯಬೇಕೆಂದು ಯುಂಗ್ ವಿಂಗನು ಹದಿನೇಳು ವರ್ಷ ಕಾದನು. ಕೊನೆಗೆ ಜೆಂಗ್ ಗುವೋಫಾನ್, ಲೀ ಹುಂಗ್‌ಚಾಂಗ್ ಎಂಬ ಇಬ್ಬರು ಪ್ರಬಲ ಅಧಿಕಾರಿಗಳು ಅವನ ಮಾತಿಗೆ ಕಿವಿಗೊಟ್ಟರು. ವರ್ಷಕ್ಕೆ 30 ಮಂದಿಯಂತೆ ನಾಲ್ಕು ತಂಡಗಳಲ್ಲಿ 120 ಮಂದಿ ಬಾಲಕರನ್ನು ಕಳುಹಿಸತಕ್ಕದ್ದು, ಅವರು 15 ವರ್ಷ ಅಲ್ಲಿದ್ದು ಕಲಿತು ಬರತಕ್ಕದ್ದು, ವೆಚ್ಚವೆಲ್ಲವೂ ಸರ್ಕಾರದ್ದು. ಇಷ್ಟಾದರೂ ಕುಲೀನರು ತಮ್ಮ ಮಕ್ಕಳನ್ನು ಕೊಡಲು ಮುಂದೆ ಬರಲಿಲ್ಲ. ಬಂದವರಲ್ಲಿ ಬಹುಮಂದಿ ದಕ್ಷಿಣ ಸಮುದ್ರತೀರದವರು. ಪರದೇಶದಲ್ಲಿ ಹುಡುಗನಿಗೆ ರೋಗವೋ ಮರಣವೋ ಸಂಭವಿಸಿದರೆ ಅದು ಅವನ ಹಣೆಯ ಬರಹವೇ ಹೊರತು ಸರ್ಕಾರದ ಹೊಣೆಯಲ್ಲವೆಂದು ತಂದೆಯು ಮುಚ್ಚಳಿಕೆ ಬರೆದುಕೊಡಬೇಕಾಗಿದ್ದಿತು. ಹನ್ನೆರಡು ವರ್ಷದ ಮಗನನ್ನು ಹೀಗೆ ಬರೆದುಕೊಟ್ಟು ಕಳುಹಿಸಿದ ತಾಯಿತಂದೆಗಳ ಅಂತಃಕರಣವು ಎಂತಿದ್ದಿತೆಂಬುದನ್ನು ಸಹೃದಯರೇ ಊಹಿಸಬೇಕು.

ಕನೆಕ್ಟಿಕಟ್ ಪ್ರಾಂತದ ಹಾರ್ಟ್‌ಫೋರ್ಡ್ ಪಟ್ಟಣವು ಈ ಬಾಲಕರ ಕೇಂದ್ರಸ್ಥಾನವಾಯಿತು. ಅವರು ಅಮೆರಿಕಾದ ಗೃಹಸ್ಥರ ಮನೆಗಳಲ್ಲಿ ಇದ್ದುಕೊಂಡು ಶಾಲೆಗೆ ಹೋಗುತ್ತಿದ್ದರು. ಚೀನೀ ಗುರುಗಳ ಬಳಿ ಸ್ವದೇಶದ ಪ್ರಾಚೀನ ಗ್ರಂಥಗಳನ್ನೂ ಓದಬೇಕಾಗಿದ್ದಿತು. ಕೆಲವು ವರ್ಷಗಳಲ್ಲಿ ಬಾಲಕರು ಚೆಂಡಾಟದಲ್ಲಿ ನಿಪುಣರಾದರು. ಕೆಲವರು ಜಡೆಯನ್ನು ಕತ್ತರಿಸಿದರು. ಕೆಲವರಿಗೆ ಕ್ರೈಸ್ತಮತದಲ್ಲಿ ಒಲವು ಹುಟ್ಟಿತು. ಆ ಕಾಲದಲ್ಲಿ ಜಡೆಯನ್ನು ಕತ್ತರಿಸುವುದೆಂದರೆ ಚಕ್ರವರ್ತಿಗೆ ದ್ರೋಹವೆಸಗಿದಂತೆಯೇ. ಮಕ್ಕಳು ಪರಕೀಯರಾಗುತ್ತಿರುವರೆಂದು ಸಂಪ್ರದಾಯಸ್ಥ ಅಧಿಕಾರಿಗಳು ರಾಜಧಾನಿಗೆ ಬರೆದರು. ಇತ್ತ ಅಮೆರಿಕಾ ಸರ್ಕಾರವು ತನ್ನ ಯುದ್ಧಶಾಲೆಗಳಿಗೆ ಚೀನೀ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ನಿರಾಕರಿಸಿತು. ಎರಡು ಕಡೆಯಿಂದಲೂ ಪೆಟ್ಟುಬಿದ್ದು, 1881ರಲ್ಲಿ ಎಲ್ಲರೂ ಮರಳಬೇಕೆಂಬ ಆಜ್ಞೆ ಹೊರಟಿತು. ಯೇಲ್ ವಿದ್ಯಾಪೀಠದ ಅಧ್ಯಕ್ಷನ ಪ್ರತಿಭಟನೆಯೂ, ಮಾರ್ಕ್ ಟ್ವೇನ್ ಮೊದಲಾದವರ ಪ್ರಯತ್ನವೂ ನಿಷ್ಫಲವಾದವು. ಆ ವೇಳೆಗೆ ಪದವಿಯನ್ನು ಮುಗಿಸಿದ್ದವರು ಇಬ್ಬರೇ. ಉಳಿದವರು ಅರ್ಧ ಕಲಿತ ವಿದ್ಯೆಯೊಡನೆ ಹಡಗು ಹತ್ತಿದರು.

ಸ್ವದೇಶದಲ್ಲಿ ಅವರಿಗೆ ದೊರೆತದ್ದು ಆದರವಲ್ಲ, ಶಂಕೆ. ತಂತಿ, ನೌಕಾದಳ, ಗಣಿ ಮುಂತಾದ ಇಲಾಖೆಗಳಿಗೆ, ಅವರವರ ವ್ಯಾಸಂಗವನ್ನು ವಿಚಾರಿಸದೆ, ಅವರನ್ನು ಹಂಚಿಬಿಟ್ಟರು. ಕೆಲವರು 1884ರಲ್ಲಿ ಫ್ರೆಂಚರೊಡನೆಯೂ 1894ರಲ್ಲಿ ಜಪಾನೀಯರೊಡನೆಯೂ ನಡೆದ ನೌಕಾಯುದ್ಧಗಳಲ್ಲಿ ಮಡಿದರು. ಸರ್ಕಾರದ ಲೆಕ್ಕದಲ್ಲಿ ಇಡೀ ವ್ಯವಹಾರವು ನಷ್ಟವೆಂದೇ ಬರೆಯಲ್ಪಟ್ಟಿದ್ದರೆ ಆಶ್ಚರ್ಯವಿಲ್ಲ.

ಇನ್ನು ಎರಡನೆಯ ಅಂಕ. ಬಾಕ್ಸರ್ ದಂಗೆಯನ್ನು ಅಡಗಿಸಿದ ವಿದೇಶೀ ರಾಷ್ಟ್ರಗಳು 1901ರಲ್ಲಿ ಚೀನದ ಮೇಲೆ 45 ಕೋಟಿ ಟೇಲ್ ಬೆಳ್ಳಿಯ ದಂಡವನ್ನು ಹೇರಿದವು. ಅದನ್ನು ಶೇಕಡ 4ರ ಬಡ್ಡಿಯೊಡನೆ 39 ವರ್ಷಗಳಲ್ಲಿ ತೀರಿಸತಕ್ಕದ್ದೆಂದು ನಿರ್ಣಯವಾಯಿತು. ಅಮೆರಿಕಾದ ಪಾಲಿಗೆ ಬಂದದ್ದು ಸುಮಾರು 2 ಕೋಟಿ 44 ಲಕ್ಷ ಡಾಲರು. ಈ ಮೊತ್ತವು ಅಮೆರಿಕನರಿಗೆ ಆದ ನಿಜವಾದ ನಷ್ಟಕ್ಕಿಂತ ಬಹಳ ಹೆಚ್ಚೆಂಬುದನ್ನು ಹಿಡಿದು, ವಾಷಿಂಗ್‌ಟನ್ನಿನಲ್ಲಿ ಬಿಡದೆ ವಾದಿಸಿದವನು ಚೀನದ ರಾಯಭಾರಿ ಲಿಯಾಂಗ್ ಚೆಂಗ್. ಈತನು ಹಿಂದಕ್ಕೆ ಕರೆಯಲ್ಪಟ್ಟ ಆ 120 ಮಂದಿ ಬಾಲಕರಲ್ಲಿ ಒಬ್ಬನೆಂಬುದನ್ನು ವಾಚಕರು ಗಮನಿಸಬೇಕು. ಬಾಲ್ಯದಲ್ಲಿ ಕಲಿತ ಭಾಷೆಯೂ ಆ ಜನರ ಮನಸ್ಸಿನ ಪರಿಚಯವೂ ಕಾಲು ಶತಮಾನದ ಮೇಲೆ ದೇಶದ ಉಪಯೋಗಕ್ಕೆ ಬಂದವು.

1908ರ ಮೇ ತಿಂಗಳಲ್ಲಿ ಅಮೆರಿಕಾದ ಶಾಸನಸಭೆಯು ಹೆಚ್ಚಿನ ಭಾಗವಾದ ಸುಮಾರು 1 ಕೋಟಿ 7 ಲಕ್ಷ ಡಾಲರನ್ನು ಬಿಟ್ಟುಕೊಡಲು ಒಪ್ಪಿತು. ಚೀನದ ಕೆಲವರು ಈ ಹಣದಿಂದ ಮಂಚೂರಿಯದಲ್ಲಿ ರೈಲುದಾರಿ, ಗಣಿಗಳನ್ನು ಬೆಳೆಸಬೇಕೆಂದು ಬಯಸಿದ್ದರು. ವಿದ್ಯಾಭ್ಯಾಸಕ್ಕೇ ವಿನಿಯೋಗವಾಗಬೇಕೆಂದು ಅಮೆರಿಕಾ ಪಟ್ಟುಹಿಡಿಯಿತು. ಇದರಲ್ಲಿ ಔದಾರ್ಯದೊಡನೆ ಲೆಕ್ಕಾಚಾರವೂ ಇದ್ದಿತು. ಚೀನದ ತರುಣರಿಗೆ ವಿದ್ಯೆ ಕಲಿಸುವ ರಾಷ್ಟ್ರಕ್ಕೇ ಮುಂದೆ ಆ ದೇಶದಲ್ಲಿ ಪ್ರಭಾವವೂ ವ್ಯಾಪಾರವೂ ಲಭಿಸುವುವೆಂದು ಇಲಿನಾಯ್ ವಿದ್ಯಾಪೀಠದ ಅಧ್ಯಕ್ಷ ಎಡ್ಮಂಡ್ ಜೇಮ್ಸನು 1906ರಲ್ಲೇ ಬಿನ್ನವಿಸಿದ್ದನು. ಲೋಕವು ಇದನ್ನು ದಾನವೆಂದು ಹೊಗಳಿತು. ಆದರೆ ಹಿಂದಿರುಗಿದ ಹಣವು ಚೀನದ ರೈತನೂ ವರ್ತಕನೂ ತೆತ್ತ ತೆರಿಗೆಯೇ ಎಂಬುದನ್ನು ಮರೆಯಲಾಗದು.

ಮೊದಲ ನಾಲ್ಕು ವರ್ಷ ವರ್ಷಕ್ಕೆ ಸುಮಾರು 100 ಮಂದಿ, ಆಮೇಲೆ ಕನಿಷ್ಠ 50 ಮಂದಿ. ಅವರಲ್ಲಿ ಶೇಕಡ 80 ಮಂದಿ ಕೃಷಿ, ಯಂತ್ರಶಾಸ್ತ್ರ, ಗಣಿಶಾಸ್ತ್ರ ಮೊದಲಾದ ವ್ಯಾವಹಾರಿಕ ವಿದ್ಯೆಗಳನ್ನೇ ಕಲಿಯಬೇಕೆಂದು ನಿಬಂಧನೆ. ಪರೀಕ್ಷೆ ಕಠಿಣವಾದ್ದರಿಂದ 1909ರಲ್ಲಿ ತೇರ್ಗಡೆಯಾದವರು 47, ಮರುವರ್ಷ 70, 1911ರಲ್ಲಿ 63 ಮಂದಿ ಮಾತ್ರ. ಮೊದಲ ತಂಡವನ್ನು ಕರೆದೊಯ್ದ ತಾಂಗ್ ಗುವೋಆನನೂ ಪೂರ್ವದ 120 ಮಂದಿಯಲ್ಲಿ ಒಬ್ಬನು. 1911ರಲ್ಲಿ ಪೇಕಿಂಗಿನಲ್ಲಿ ಸ್ಥಾಪಿತವಾದ ತ್ಸಿಂಗ್‌ಹುವಾ ಶಾಲೆಗೆ ಮರುವರ್ಷ ಆತನೇ ಅಧ್ಯಕ್ಷನಾದನು. ಅದೇ ಗುಂಪಿನ ತಾಂಗ್ ಶಾವೋಯಿಯು 1912ರಲ್ಲಿ ಗಣರಾಜ್ಯದ ಪ್ರಥಮ ಪ್ರಧಾನಮಂತ್ರಿಯಾದನು. ಝಾನ್ ತಿಯೆನ್ಯೂ ವಿದೇಶೀ ಇಂಜಿನಿಯರುಗಳ ನೆರವಿಲ್ಲದೆ ಪೇಕಿಂಗಿನಿಂದ ಝಾಂಗ್‌ಜಿಯಾಕೌ ವರೆಗೆ, ಸುಮಾರು 200 ಕಿಲೋಮೀಟರಿನ ರೈಲುದಾರಿಯನ್ನು 1909ರಲ್ಲಿ ಪೂರೈಸಿದ್ದನು. ನಷ್ಟವೆನಿಸಿದ ಬಿತ್ತನೆಯ ಬೆಳೆಯಿದು.

1910ರ ತಂಡದಲ್ಲಿ ಹೂ ಷಿ ಎಂಬ ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ತರುಣನಿದ್ದನು. ಕಾರ್ನೆಲ್ ವಿದ್ಯಾಪೀಠದಲ್ಲಿ ಕೃಷಿಶಾಸ್ತ್ರಕ್ಕೆ ಸೇರಿದವನು, ಸೇಬಿನ ಜಾತಿಗಳನ್ನು ವಿಂಗಡಿಸುವ ಪಾಠದಲ್ಲಿ ಬೇಸತ್ತು, ತತ್ತ್ವಶಾಸ್ತ್ರವನ್ನು ಹಿಡಿದನು. ನಿಬಂಧನೆಯ ದೃಷ್ಟಿಯಿಂದ ಇದು ಅಪವ್ಯಯ. ಆದರೆ ಗ್ರಂಥಭಾಷೆಯನ್ನು ಬಿಟ್ಟು ಜನರಾಡುವ ಮಾತಿನಲ್ಲಿ ಸಾಹಿತ್ಯವನ್ನು ರಚಿಸಬೇಕೆಂದು 1917ರಲ್ಲಿ ಸಾರಿ ಚೀನದ ಬರವಣಿಗೆಯನ್ನೇ ಮಾರ್ಪಡಿಸಿದವರಲ್ಲಿ ಈತನೇ ಅಗ್ರಗಣ್ಯನು. ವೇತನವನ್ನು ಅನುಭವಿಸುತ್ತಿದ್ದಾಗಲೇ, 1914ರಲ್ಲಿ, ಪರದೇಶದ ವ್ಯಾಸಂಗವು ತನ್ನ ದೇಶಕ್ಕೆ ಅವಮಾನವೆಂದೂ, ಸ್ವದೇಶದಲ್ಲಿಯೇ ಉತ್ತಮ ವಿದ್ಯಾಪೀಠಗಳನ್ನು ಕಟ್ಟುವುದೇ ಅದರ ಗುರಿಯಾಗಬೇಕೆಂದೂ ಇವನು ಬರೆದನು. ಆ ಮಾತು ವ್ಯರ್ಥವಾಗಲಿಲ್ಲ. ವಿದೇಶಯಾತ್ರೆಗೆ ಸಿದ್ಧಪಡಿಸುವ ಶಾಲೆಯಾಗಿದ್ದ ತ್ಸಿಂಗ್‌ಹುವಾ 1928ರಲ್ಲಿ ರಾಷ್ಟ್ರೀಯ ವಿದ್ಯಾಪೀಠವಾಯಿತು. 1931ರಲ್ಲಿ ಅದರ ಅಧ್ಯಕ್ಷಪೀಠವನ್ನೇರಿದ ಮೇಯ್ ಯೀಚಿಯು 1909ರ 47 ಮಂದಿಯಲ್ಲಿ ಒಬ್ಬನು. ಈಗಲಾದರೋ ಚೀನ ಸರ್ಕಾರವೇ ಅನ್ಯದೇಶದ ವಿದ್ಯಾರ್ಥಿಗಳಿಗೆ ವೇತನವಿತ್ತು ಕರೆಸಿಕೊಳ್ಳುತ್ತಿದೆ.

ವಿದ್ಯಾರ್ಥಿವೇತನವನ್ನು ಕೊಡುವವರು ಆಯವ್ಯಯದ ಪಟ್ಟಿಯಲ್ಲಿ ಫಲವನ್ನು ಬೇಗನೆ ಹುಡುಕುತ್ತಾರೆ, ಕಾಣದಿದ್ದರೆ ನಿಲ್ಲಿಸುತ್ತಾರೆ. 1881ರಲ್ಲಿ ಪೇಕಿಂಗಿನ ಅಧಿಕಾರಿಗಳು ಮಾಡಿದ್ದು ಅದನ್ನೇ. ಆ ಬಾಲಕರು ಓದನ್ನು ಮುಗಿಸಿ ಬಂದಿದ್ದರೆ ಚೀನಕ್ಕೆ ಬಹಳ ಕಾಲ ಉಳಿಯುತ್ತಿದ್ದಿತೋ ಏನೋ. ತರುಣರನ್ನು ದೂರಕ್ಕೆ ಕಳುಹಿಸುವ ಸರ್ಕಾರಗಳೂ, ಕಳುಹಿಸಿ ಕಾಯುವ ಗೃಹಸ್ಥರೂ ಇದನ್ನು ನೆನಪಿನಲ್ಲಿಡುವುದು ಯುಕ್ತ.