ಹವಾಮಾನ ತಂಡ (ಪೋಕೆಮಾನ್)

ಪೋಕೆಮಾನ್ ವಿಡಿಯೊ ಗೇಮ್‌ಗಳ ಸ್ಪರ್ಧಾತ್ಮಕ ಪಂದ್ಯಗಳಲ್ಲಿ ಮಳೆ, ಬಿಸಿಲು, ಮರಳುಗಾಳಿ ಅಥವಾ ಹಿಮಪಾತವನ್ನು ಕಣಕ್ಕೆ ತಂದು, ಅದರಿಂದ ಲಾಭ ಪಡೆಯುವಂತೆ ಜೋಡಿಸಿದ ತಂಡವನ್ನು ಹವಾಮಾನ ತಂಡ ಎನ್ನುತ್ತಾರೆ. ಇಂತಹ ತಂಡದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸದಸ್ಯರಿರುತ್ತಾರೆ. ಹವಾಮಾನವನ್ನು ಬರಮಾಡುವ ಪೋಕೆಮಾನನ್ನು ಆವಾಹಕ ಎಂದೂ, ಅದರ ಪ್ರಯೋಜನ ಪಡೆದು ದಾಳಿ ನಡೆಸುವ ಪೋಕೆಮಾನನ್ನು ಫಲಾನುಭವಿ ಎಂದೂ ಈ ಲೇಖನದಲ್ಲಿ ಕರೆಯಲಾಗಿದೆ. ಹವಾಮಾನ ತಂಡದ ಬಲವೂ ದೌರ್ಬಲ್ಯವೂ ಒಂದೇ ಮೂಲದಿಂದ ಬರುತ್ತವೆ. ಹವಾಮಾನ ಇರುವ ಕೆಲವೇ ಸುತ್ತುಗಳಲ್ಲಿ ತಂಡ ಅಸಾಧಾರಣ ಶಕ್ತಿ ಪಡೆಯುತ್ತದೆ. ಅವಧಿ ಮುಗಿದರೆ ಆ ಶಕ್ತಿ ಇಲ್ಲವಾಗುತ್ತದೆ. ಆದ್ದರಿಂದ ಹವಾಮಾನವಿಲ್ಲದಾಗಲೂ ಪಂದ್ಯವನ್ನು ಮುಂದುವರಿಸಬಲ್ಲ ತಂಡವೇ ಉತ್ತಮ ಹವಾಮಾನ ತಂಡ.

ಪರಿಭಾಷೆ

ಚದುರಂಗದಲ್ಲಿರುವಂತೆ ಪೋಕೆಮಾನ್ ಪಂದ್ಯದಲ್ಲಿಯೂ ನಡೆಗಳಿವೆ. ಪ್ರತಿ ಪೋಕೆಮಾನ್ ಗರಿಷ್ಠ ನಾಲ್ಕು ನಡೆಗಳನ್ನು ಹೊಂದಿರುತ್ತದೆ. ಎರಡೂ ಪಕ್ಷದವರು ತಮ್ಮ ಆಯ್ಕೆಯನ್ನು ನಡೆಸಿ ಮುಗಿಸಿದರೆ ಒಂದು ಸುತ್ತು ಆಗುತ್ತದೆ. ಪ್ರತಿ ಪೋಕೆಮಾನಿಗೆ ಒಂದು ಸಹಜಗುಣವಿದ್ದು, ಅದು ಆಟಗಾರನ ಆದೇಶವಿಲ್ಲದೆ ತಾನಾಗಿ ಕೆಲಸ ಮಾಡುತ್ತದೆ. ಪ್ರತಿಯೊಂದೂ ಒಂದು ವಸ್ತುವನ್ನು ಹಿಡಿದುಕೊಂಡಿರಬಹುದು. ಅಧಿಕೃತ ಸ್ಪರ್ಧೆಗಳು ಜೋಡಿ ಕದನದ ರೂಪದಲ್ಲಿ ನಡೆಯುತ್ತವೆ. ಅಂದರೆ ಏಕಕಾಲಕ್ಕೆ ಪ್ರತಿ ಪಕ್ಷದ ಎರಡು ಪೋಕೆಮಾನ್‌ಗಳು ಕಣದಲ್ಲಿರುತ್ತವೆ. ಆಟಗಾರನು ಆರು ಪೋಕೆಮಾನ್‌ಗಳ ತಂಡವನ್ನು ನೋಂದಾಯಿಸಿ, ಪ್ರತಿ ಪಂದ್ಯಕ್ಕೆ ಅವುಗಳಲ್ಲಿ ನಾಲ್ಕನ್ನು ಆರಿಸಿಕೊಳ್ಳುತ್ತಾನೆ. ಒಂದು ತಂಡದ ಇಬ್ಬರು ಸದಸ್ಯರು ಒಂದೇ ಬಗೆಯ ವಸ್ತುವನ್ನು ಹಿಡಿಯುವಂತಿಲ್ಲ.

ಇತಿಹಾಸ

ಕದನದಲ್ಲಿ ಹವಾಮಾನವು ಮೊದಲು ಕಾಣಿಸಿಕೊಂಡದ್ದು ೧೯೯೯ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಪೋಕೆಮಾನ್ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ. ಆಗ ರೇನ್ ಡಾನ್ಸ್, ಸನ್ನಿ ಡೇ ಮತ್ತು ಸ್ಯಾಂಡ್‌ಸ್ಟಾರ್ಮ್ ಎಂಬ ನಡೆಗಳನ್ನು ಬಳಸಿ ಐದು ಸುತ್ತುಗಳ ಕಾಲ ಹವಾಮಾನವನ್ನು ತರಬಹುದಾಗಿತ್ತು. ೨೦೦೨ರ ರೂಬಿ ಮತ್ತು ಸಫೈರ್ ಆಟಗಳು ಸಹಜಗುಣಗಳನ್ನು ಪರಿಚಯಿಸಿದವು. ಕೈಯೋಗರ್ ಕಣಕ್ಕಿಳಿದ ಕೂಡಲೇ ಮಳೆ, ಗ್ರೌಡನ್ ಇಳಿದ ಕೂಡಲೇ ಬಿಸಿಲು, ಟೈರಾನಿಟಾರ್ ಇಳಿದ ಕೂಡಲೇ ಮರಳುಗಾಳಿ ಆರಂಭವಾಗುತ್ತಿತ್ತು. ಹೀಗೆ ಸಹಜಗುಣದಿಂದ ಬಂದ ಹವಾಮಾನಕ್ಕೆ ಆಗ ಕಾಲಮಿತಿ ಇರಲಿಲ್ಲ. ಬೇರೊಂದು ಹವಾಮಾನ ಬಂದು ಅಳಿಸುವವರೆಗೆ ಅದು ಉಳಿಯುತ್ತಿತ್ತು. ಆಲಿಕಲ್ಲು ಮಳೆಯೂ ಇದೇ ಆಟಗಳಲ್ಲಿ ಸೇರಿತು.

೨೦೧೦ರ ಬ್ಲ್ಯಾಕ್ ಮತ್ತು ವೈಟ್ ಆಟಗಳ ಕಾಲದಲ್ಲಿ ಪೊಲಿಟೋಡ್ ಮಳೆಯನ್ನೂ ನೈನ್‌ಟೇಲ್ಸ್ ಬಿಸಿಲನ್ನೂ ತರುವ ಗುಪ್ತ ಸಹಜಗುಣಗಳನ್ನು ಪಡೆದವು. ಅಲ್ಲಿಯವರೆಗೆ ಸ್ಪರ್ಧೆಗಳಲ್ಲಿ ಹೆಚ್ಚಾಗಿ ನಿಷಿದ್ಧವಾಗಿದ್ದ ದೈತ್ಯರಿಗಷ್ಟೇ ಮೀಸಲಾಗಿದ್ದ ಅನಂತ ಮಳೆ ಮತ್ತು ಬಿಸಿಲು ಸಾಮಾನ್ಯ ಆಟಗಾರರ ಕೈಗೂ ಬಂದವು. ಪಂದ್ಯಗಳು ಯಾರ ಹವಾಮಾನ ಉಳಿಯುತ್ತದೆ ಎಂಬ ಹೋರಾಟವಾಗಿ ಮಾರ್ಪಟ್ಟವು. ಮಳೆಯಲ್ಲಿ ವೇಗ ಇಮ್ಮಡಿಯಾಗುವ ಸ್ವಿಫ್ಟ್ ಸ್ವಿಮ್ ಗುಣದ ಪೋಕೆಮಾನ್‌ಗಳನ್ನು ತಡೆಯುವುದು ಕಷ್ಟವಾಯಿತು. ೨೦೧೧ರಲ್ಲಿ ಸ್ಮೋಗಾನ್ ಎಂಬ ಆಟಗಾರರ ಸಮುದಾಯವು ತನ್ನ ಪ್ರಮುಖ ವಿಭಾಗದಲ್ಲಿ ಮಳೆ ತರುವ ಡ್ರಿಜಲ್ ಗುಣ ಮತ್ತು ಸ್ವಿಫ್ಟ್ ಸ್ವಿಮ್ ಗುಣ ಒಂದೇ ತಂಡದಲ್ಲಿರುವುದನ್ನು ನಿಷೇಧಿಸಿತು. ಎರಡೂ ಗುಣಗಳನ್ನು ಪ್ರತ್ಯೇಕವಾಗಿ ಬಳಸಲು ಅಡ್ಡಿಯಿರಲಿಲ್ಲ. ತಪ್ಪು ಅವುಗಳ ಕೂಟದಲ್ಲಿದೆ ಎಂಬುದು ಈ ನಿಯಮದ ತಾತ್ಪರ್ಯ.

೨೦೧೩ರ ಎಕ್ಸ್ ಮತ್ತು ವೈ ಆಟಗಳಲ್ಲಿ ಸಹಜಗುಣದಿಂದ ಬರುವ ಹವಾಮಾನಕ್ಕೂ ಐದು ಸುತ್ತುಗಳ ಮಿತಿ ಬಂದಿತು. ಈ ಒಂದು ತಿದ್ದುಪಡಿಯಿಂದ ತಂಡ ಕಟ್ಟುವ ರೀತಿಯೇ ಬದಲಾಯಿತು. ಮಳೆಯನ್ನು ಉಳಿಸಿಕೊಳ್ಳುವುದಕ್ಕಿಂತ ಸುತ್ತುಗಳನ್ನು ಎಣಿಸಿ ಬಳಸುವುದು ಮುಖ್ಯವಾಯಿತು. ೨೦೧೬ರ ಸನ್ ಮತ್ತು ಮೂನ್ ಆಟಗಳಲ್ಲಿ ಪೆಲಿಪರ್ ಮಳೆಯ ಆವಾಹಕವಾಯಿತು, ಟೋರ್ಕೋಲ್ ಬಿಸಿಲಿನ ಆವಾಹಕವಾಯಿತು. ೨೦೨೨ರ ಸ್ಕಾರ್ಲೆಟ್ ಮತ್ತು ವಯೊಲೆಟ್ ಆಟಗಳಲ್ಲಿ ಆಲಿಕಲ್ಲಿನ ಬದಲು ಹಿಮಪಾತ ಬಂದಿತು.

ನಾಲ್ಕು ಹವಾಮಾನಗಳು

ಮಳೆ: ನೀರಿನ ವರ್ಗದ ದಾಳಿಗಳ ಬಲ ಒಂದೂವರೆ ಪಟ್ಟಾಗುತ್ತದೆ, ಬೆಂಕಿಯ ದಾಳಿಗಳದು ಅರ್ಧಕ್ಕಿಳಿಯುತ್ತದೆ. ಸಾಮಾನ್ಯವಾಗಿ ಗುರಿ ತಪ್ಪುವ ಸಂಭವವಿರುವ ಥಂಡರ್ ಮತ್ತು ಹರಿಕೇನ್ ನಡೆಗಳು ಮಳೆಯಲ್ಲಿ ಗುರಿ ತಪ್ಪುವುದಿಲ್ಲ.

ಬಿಸಿಲು: ಬೆಂಕಿಯ ದಾಳಿ ಒಂದೂವರೆ ಪಟ್ಟು, ನೀರಿನ ದಾಳಿ ಅರ್ಧ. ಸೋಲಾರ್ ಬೀಮ್ ನಡೆಗೆ ಬೇಕಾದ ಒಂದು ಸುತ್ತಿನ ಸಿದ್ಧತೆ ಬೇಡವಾಗುತ್ತದೆ. ಕ್ಲೋರೊಫಿಲ್ ಗುಣವುಳ್ಳ ಸಸ್ಯವರ್ಗದ ಪೋಕೆಮಾನ್‌ಗಳ ವೇಗ ಇಮ್ಮಡಿಯಾಗುತ್ತದೆ.

ಮರಳುಗಾಳಿ: ಬಂಡೆ, ನೆಲ ಮತ್ತು ಉಕ್ಕಿನ ವರ್ಗಗಳಿಗೆ ಸೇರದ ಪೋಕೆಮಾನ್‌ಗಳು ಪ್ರತಿ ಸುತ್ತಿನ ಕೊನೆಗೆ ತಮ್ಮ ಪೂರ್ಣ ಜೀವಬಲದ ಹದಿನಾರನೆಯ ಒಂದು ಭಾಗ ಕಳೆದುಕೊಳ್ಳುತ್ತವೆ. ಬಂಡೆ ವರ್ಗದವುಗಳ ವಿಶೇಷ ರಕ್ಷಣೆ ಒಂದೂವರೆ ಪಟ್ಟಾಗುತ್ತದೆ. ಸ್ಯಾಂಡ್ ರಶ್ ಗುಣದ ಎಕ್ಸ್‌ಕಡ್ರಿಲ್ ಇದರ ಪ್ರಸಿದ್ಧ ಫಲಾನುಭವಿ.

ಹಿಮಪಾತ: ಮಂಜಿನ ವರ್ಗದ ಪೋಕೆಮಾನ್‌ಗಳ ರಕ್ಷಣೆ ಒಂದೂವರೆ ಪಟ್ಟಾಗುತ್ತದೆ. ಹಿಂದಿನ ಆಲಿಕಲ್ಲಿನಂತೆ ಇದು ಯಾರಿಗೂ ಪೆಟ್ಟು ಕೊಡುವುದಿಲ್ಲ. ಬ್ಲಿಝರ್ಡ್ ನಡೆ ಗುರಿ ತಪ್ಪುವುದಿಲ್ಲ. ತಂಡಕ್ಕೆ ಬೀಳುವ ಪೆಟ್ಟನ್ನು ತಗ್ಗಿಸುವ ಅರೋರಾ ವೇಲ್ ನಡೆಯನ್ನು ಈ ಹವಾಮಾನದಲ್ಲಿ ಬಳಸಬಹುದು.

ಅವಧಿ ಮತ್ತು ಪ್ರವೇಶಕ್ರಮ

ಐದು ಸುತ್ತು ಎಂಬ ಲೆಕ್ಕದಲ್ಲಿ ಹೊಸ ಆಟಗಾರರು ತಪ್ಪುವುದುಂಟು. ಪಂದ್ಯದ ಆರಂಭದಲ್ಲಿಯೇ ಆವಾಹಕವನ್ನು ಕಣಕ್ಕಿಳಿಸಿದರೆ ಐದೂ ಸುತ್ತುಗಳು ಬಳಕೆಗೆ ದೊರೆಯುತ್ತವೆ. ಪಂದ್ಯದ ನಡುವೆ ಬೇರೊಂದರ ಬದಲಿಗೆ ಅದನ್ನು ಕರೆತಂದರೆ ಬದಲಾವಣೆಗೆ ಕಳೆದ ಸುತ್ತೂ ಎಣಿಕೆಗೆ ಸೇರುವುದರಿಂದ ಮುಂದೆ ನಾಲ್ಕು ಸುತ್ತುಗಳಷ್ಟೇ ಉಳಿಯುತ್ತವೆ. ಮಳೆ ಇರುವಾಗಲೇ ಮಳೆಯ ಆವಾಹಕ ಮತ್ತೆ ಬಂದರೆ ಅವಧಿ ನವೀಕರಣಗೊಳ್ಳುವುದಿಲ್ಲ. ಮಳೆ ನಿಂತ ಮೇಲೆಯೇ ಅದು ಮತ್ತೆ ಪ್ರವೇಶಿಸಬೇಕು. ಆವಾಹಕವು ಮಳೆಗೆ ಡ್ಯಾಂಪ್ ರಾಕ್, ಬಿಸಿಲಿಗೆ ಹೀಟ್ ರಾಕ್ ಹೀಗೆ ತಕ್ಕ ಕಲ್ಲನ್ನು ಹಿಡಿದಿದ್ದರೆ ಅವಧಿ ಎಂಟು ಸುತ್ತುಗಳಿಗೆ ಏರುತ್ತದೆ. ಆದರೆ ಕಲ್ಲನ್ನು ಹಿಡಿದ ಆವಾಹಕ ತನ್ನ ಪ್ರಾಣ ಕಾಯುವ ಬೇರೆ ವಸ್ತುವನ್ನು ಹಿಡಿಯಲಾರದು.

ಎರಡೂ ಪಕ್ಷಗಳ ಆವಾಹಕಗಳು ಏಕಕಾಲಕ್ಕೆ ಇಳಿದಾಗ ಸಹಜಗುಣಗಳು ವೇಗದ ಕ್ರಮದಲ್ಲಿ ಜಾಗೃತವಾಗುತ್ತವೆ. ವೇಗಿಯ ಹವಾಮಾನ ಮೊದಲು ಬರುತ್ತದೆ, ನಿಧಾನಿಯದು ನಂತರ ಬಂದು ಅದನ್ನು ಅಳಿಸುತ್ತದೆ. ಆದ್ದರಿಂದ ಇಲ್ಲಿ ನಿಧಾನವೇ ಗೆಲ್ಲುತ್ತದೆ. ಮೂಲ ವೇಗ ೨೦ ಇರುವ ಟೋರ್ಕೋಲ್, ಮೂಲ ವೇಗ ೬೫ ಇರುವ ಪೆಲಿಪರ್ ಎದುರು ಇಳಿದರೆ ಕೊನೆಗೆ ಉಳಿಯುವುದು ಬಿಸಿಲು. ಪೆಲಿಪರ್ ಆಟಗಾರನು ಅಂತಹ ಎದುರಾಳಿಯನ್ನು ಕಂಡಾಗ ಪೆಲಿಪರನ್ನು ಮೊದಲೇ ಇಳಿಸದೆ, ಟೋರ್ಕೋಲ್ ಬಂದ ಮೇಲೆ ಕರೆತರುವುದು ಸರಿಯಾದ ಕ್ರಮ.

ತಂಡದ ರಚನೆ

ಆರು ಸ್ಥಾನಗಳನ್ನೂ ಹವಾಮಾನಕ್ಕೇ ಮೀಸಲಿಡುವುದು ಸಾಮಾನ್ಯವಾಗಿ ಕಾಣುವ ದೋಷ. ಒಂದು ಆವಾಹಕ, ಎರಡು ಫಲಾನುಭವಿಗಳು, ಉಳಿದ ಮೂರು ಸ್ಥಾನಗಳಲ್ಲಿ ಯಾವುದೇ ಹವಾಮಾನದಲ್ಲಿ ಕೆಲಸ ಮಾಡುವ ಸದಸ್ಯರು ಎಂಬುದು ಆರಂಭಕ್ಕೆ ಅನುಕೂಲವಾದ ವಿಂಗಡಣೆ. ನಾಲ್ವರನ್ನು ಮಾತ್ರ ಕಣಕ್ಕೆ ಒಯ್ಯಬೇಕಾದ್ದರಿಂದ ಆವಾಹಕವನ್ನು ಹೊರಗಿಟ್ಟು ಆಡುವ ದಾರಿಯೂ ಇದರಿಂದ ತೆರೆದಿರುತ್ತದೆ.

ಆವಾಹಕವನ್ನು ಆರಿಸುವಾಗ ಅದು ಹವಾಮಾನ ತಂದ ಮೇಲೆ ಏನು ಮಾಡಬಲ್ಲದು ಎಂಬುದನ್ನು ಪರಿಶೀಲಿಸಬೇಕು. ಪೆಲಿಪರ್ ಯು-ಟರ್ನ್ ನಡೆಯಿಂದ ಎದುರಾಳಿಗೆ ಹೊಡೆದು ಹಿಂದೆ ಸರಿದು, ಫಲಾನುಭವಿಗೆ ಜಾಗ ಬಿಟ್ಟುಕೊಡಬಲ್ಲದು. ಹೀಗೆ ಜೀವಂತವಾಗಿ ಹಿಂದಿರುಗಿದ ಆವಾಹಕ ಎರಡನೆಯ ಬಾರಿ ಮಳೆ ತರಬಲ್ಲದು. ಇದರ ಟೇಲ್‌ವಿಂಡ್ ನಡೆ ನಾಲ್ಕು ಸುತ್ತುಗಳ ಕಾಲ ತನ್ನ ಪಕ್ಷದ ವೇಗವನ್ನು ಇಮ್ಮಡಿಗೊಳಿಸುತ್ತದೆ. ಈ ವೇಗ ಮಳೆಯನ್ನು ಅವಲಂಬಿಸಿಲ್ಲ.

ಫಲಾನುಭವಿಯ ತರಬೇತಿ ಅಂಕಗಳನ್ನು ಹಂಚುವಾಗ ಲೆಕ್ಕ ಮಾಡಿದರೆ ಲಾಭವುಂಟು. ಉದಾಹರಣೆಗೆ ಸ್ವಿಫ್ಟ್ ಸ್ವಿಮ್ ಗುಣದ ಕಿಂಗ್ಡ್ರಾದ ಮೂಲ ವೇಗ ೮೫. ವೇಗಕ್ಕೆ ಗರಿಷ್ಠ ೨೫೨ ಅಂಕ ಕೊಟ್ಟರೆ, ವೇಗ ಹೆಚ್ಚಿಸುವ ಸ್ವಭಾವವಿಲ್ಲದಿದ್ದರೂ, ೫೦ನೆಯ ಮಟ್ಟದಲ್ಲಿ ಅದರ ವೇಗ ೧೩೭, ಮಳೆಯಲ್ಲಿ ೨೭೪. ಅತಿವೇಗಿಗಳಲ್ಲಿ ಒಂದಾದ ಡ್ರಾಗಪಲ್ಟ್ ಯಾವ ಸಹಾಯವೂ ಇಲ್ಲದೆ ತಲುಪಬಲ್ಲ ಗರಿಷ್ಠ ವೇಗ ೨೧೩. ಕಿಂಗ್ಡ್ರಾಗೆ ೧೨ ಅಂಕಗಳನ್ನಷ್ಟೇ ಕೊಟ್ಟರೂ ವೇಗ ೧೦೭ ಆಗಿ, ಮಳೆಯಲ್ಲಿ ೨೧೪ ತಲುಪಿ ಡ್ರಾಗಪಲ್ಟ್‌ಗಿಂತ ಮೊದಲು ನಡೆಯುತ್ತದೆ. ಉಳಿದ ಅಂಕಗಳನ್ನು ಜೀವಬಲಕ್ಕೂ ದಾಳಿಗೂ ಕೊಡಬಹುದು. ಆದರೆ ಮಳೆ ನಿಂತ ಸುತ್ತಿನಲ್ಲಿ ಇಂತಹ ಕಿಂಗ್ಡ್ರಾ ಬಹಳ ನಿಧಾನವಾಗಿರುತ್ತದೆ ಎಂಬುದನ್ನೂ ತೂಗಿ ನೋಡಬೇಕು.

ಮೂರನೆಯ ಗುಂಪಿನ ಸದಸ್ಯರು ತಂಡದ ಸಹಜ ಶತ್ರುಗಳನ್ನು ತಡೆಯುವಂತಿರಬೇಕು. ಮಳೆ ತಂಡಕ್ಕೆ ಸಸ್ಯ ಮತ್ತು ವಿದ್ಯುತ್ ವರ್ಗಗಳು ಅಪಾಯಕಾರಿ. ಸಸ್ಯ ಮತ್ತು ಉಕ್ಕು ಎರಡೂ ವರ್ಗಗಳಿಗೆ ಸೇರಿದ ಫೆರೋಥಾರ್ನ್ ಈ ಎರಡೂ ಬಗೆಯ ದಾಳಿಗಳನ್ನು ತಾಳಿಕೊಳ್ಳುತ್ತದೆ. ಅದಕ್ಕೆ ಬೆಂಕಿಯ ದಾಳಿ ನಾಲ್ಕು ಪಟ್ಟು ಪೆಟ್ಟು ಕೊಡುವುದಾದರೂ ಮಳೆಯಲ್ಲಿ ಆ ಪೆಟ್ಟು ಅರ್ಧವಾಗುತ್ತದೆ. ಹೀಗೆ ಹವಾಮಾನವು ಕೆಲವರಿಗೆ ಆಯುಧವಾದರೆ ಇನ್ನು ಕೆಲವರಿಗೆ ಕವಚವಾಗುತ್ತದೆ.

ಬಿಸಿಲಿನ ತಂಡದಲ್ಲಿ ಟೋರ್ಕೋಲ್ ಮತ್ತು ಲಿಲಿಗಂಟ್ ಜೋಡಿ ಹೊಂದಾಣಿಕೆಗೆ ಉತ್ತಮ ನಿದರ್ಶನ. ಟೋರ್ಕೋಲ್‌ನ ಎರಪ್ಷನ್ ನಡೆಯ ಬಲ ಪೂರ್ಣ ಜೀವಬಲವಿದ್ದಾಗ ೧೫೦ ಇದ್ದು, ಪೆಟ್ಟು ತಿಂದಂತೆ ಕುಗ್ಗುತ್ತದೆ. ನಿಧಾನಿಯಾದ ಟೋರ್ಕೋಲ್ ತನ್ನ ಸರದಿ ಬರುವ ಮುನ್ನವೇ ಪೆಟ್ಟು ತಿನ್ನುತ್ತದೆ. ಕ್ಲೋರೊಫಿಲ್ ಗುಣದಿಂದ ವೇಗ ಪಡೆದ ಲಿಲಿಗಂಟ್ ಆಫ್ಟರ್ ಯು ಎಂಬ ನಡೆಯಿಂದ ತನ್ನ ಸರದಿಯ ಬೆನ್ನಿಗೇ ಟೋರ್ಕೋಲ್‌ಗೆ ಅವಕಾಶ ಕೊಡಿಸುತ್ತದೆ.

ಎದುರಾಳಿಯ ಉಪಾಯಗಳು

ಹವಾಮಾನ ತಂಡವನ್ನು ಎದುರಿಸುವವರು ಮುಖ್ಯವಾಗಿ ನಾಲ್ಕು ಮಾರ್ಗಗಳನ್ನು ಹಿಡಿಯುತ್ತಾರೆ.

ಮೊದಲನೆಯದು, ಬೇರೊಂದು ಹವಾಮಾನ ತಂದು ಮೊದಲಿನದನ್ನು ಅಳಿಸುವುದು. ಪ್ರಾಂಕ್‌ಸ್ಟರ್ ಗುಣವುಳ್ಳ ಟೋರ್ನಡಸ್ ಜೊತೆಗಿದ್ದರೆ ಮಳೆ ತಂಡವು ಇದಕ್ಕೆ ಉತ್ತರ ಕೊಡಬಲ್ಲದು. ಅದು ರೇನ್ ಡಾನ್ಸ್ ನಡೆಯನ್ನು ಆದ್ಯತೆಯಿಂದ ಬಳಸಿ ಮಳೆಯನ್ನು ಮರಳಿ ತರುತ್ತದೆ.

ಎರಡನೆಯದು, ಪ್ರೊಟೆಕ್ಟ್ ನಡೆ ಮತ್ತು ಸದಸ್ಯರ ಬದಲಾವಣೆಗಳಿಂದ ಸುತ್ತುಗಳನ್ನು ವ್ಯರ್ಥಗೊಳಿಸುವುದು.

ಮೂರನೆಯದು, ಟ್ರಿಕ್ ರೂಮ್ ನಡೆಯಿಂದ ಐದು ಸುತ್ತುಗಳ ಕಾಲ ವೇಗದ ಕ್ರಮವನ್ನೇ ತಿರುವುಮುರುವು ಮಾಡುವುದು. ಆಗ ಇಮ್ಮಡಿ ವೇಗವೇ ಹೊರೆಯಾಗುತ್ತದೆ.

ನಾಲ್ಕನೆಯದು, ಹವಾಮಾನದ ಪರಿಣಾಮವನ್ನೇ ತಡೆಯುವ ಸಹಜಗುಣಗಳು. ಗೋಲ್ಡಕ್‌ನ ಕ್ಲೌಡ್ ನೈನ್ ಮತ್ತು ರೇಕ್ವಾಝಾದ ಏರ್ ಲಾಕ್ ಇದಕ್ಕೆ ಉದಾಹರಣೆ.

ತಂಡವನ್ನು ತಿದ್ದುವ ಕ್ರಮ

ಕಟ್ಟಿದ ತಂಡವನ್ನು ಪರೀಕ್ಷಿಸಲು ಪೋಕೆಮಾನ್ ಶೋಡೌನ್ ಎಂಬ ಉಚಿತ ಅಂತರಜಾಲ ಅನುಕರಣ ತಾಣವನ್ನು ಹಲವರು ಬಳಸುತ್ತಾರೆ. ಪಂದ್ಯಗಳ ದಾಖಲೆ ಇಟ್ಟುಕೊಂಡು ಸೋಲಿನ ಕಾರಣವನ್ನು ವಿಂಗಡಿಸುವುದು ಪ್ರಯೋಜನಕಾರಿ. ಆವಾಹಕ ಬೇಗ ಸತ್ತಿತೇ, ಎದುರಾಳಿಯ ಹವಾಮಾನ ಉಳಿಯಿತೇ, ಅವಧಿ ಮುಗಿಯಿತೇ, ಅಥವಾ ಮಳೆ ಇದ್ದಾಗಲೇ ದಾಳಿಯ ಬಲ ಸಾಲಲಿಲ್ಲವೇ ಎಂಬ ನಾಲ್ಕು ಪ್ರಶ್ನೆಗಳಿಗೆ ನಾಲ್ಕು ಬೇರೆ ಬೇರೆ ಪರಿಹಾರಗಳಿವೆ. ಆವಾಹಕ ಬೇಗ ಸತ್ತರೆ ಒಂದು ಮಾರಕ ಪೆಟ್ಟಿನಿಂದ ಉಳಿಸುವ ಫೋಕಸ್ ಸ್ಯಾಶ್ ಅದಕ್ಕೆ ಬೇಕಾಗಬಹುದು. ಅವಧಿಯೇ ಸಾಲದಿದ್ದರೆ ಡ್ಯಾಂಪ್ ರಾಕ್ ಬೇಕಾಗಬಹುದು. ಎದುರಾಳಿಯ ಹವಾಮಾನ ಉಳಿದಿದ್ದರೆ ತಪ್ಪು ಸದಸ್ಯರ ಆಯ್ಕೆಗಿಂತ ಹೆಚ್ಚಾಗಿ ಅವರನ್ನು ಇಳಿಸಿದ ಕ್ರಮದಲ್ಲಿರಬಹುದು. ಬಲ ಸಾಲದಿದ್ದರೆ ತರಬೇತಿ ಅಂಕಗಳನ್ನು ಮತ್ತೆ ಹಂಚಬೇಕು. ಒಮ್ಮೆಗೆ ಒಂದನ್ನೇ ಬದಲಿಸಿ ಆಡಿದರೆ ಯಾವ ಬದಲಾವಣೆ ಫಲ ಕೊಟ್ಟಿತೆಂದು ತಿಳಿಯುತ್ತದೆ. ಆವಾಹಕವನ್ನು ಬೇಕೆಂದೇ ಹೊರಗಿಟ್ಟು ಕೆಲವು ಪಂದ್ಯಗಳನ್ನು ಆಡುವುದು ಮತ್ತೊಂದು ಪರೀಕ್ಷೆ. ಆಗ ತಂಡ ಪೂರ್ತಿ ಕುಸಿದರೆ ಮೂರನೆಯ ಗುಂಪಿನ ಸದಸ್ಯರನ್ನು ಬದಲಿಸಬೇಕೆಂದು ಅರ್ಥ.

ವಿಶ್ವ ಸ್ಪರ್ಧೆಯಲ್ಲಿ

೨೦೧೪ರ ಒಮೆಗಾ ರೂಬಿ ಮತ್ತು ಆಲ್ಫಾ ಸಫೈರ್ ಆಟಗಳು ಆದಿಮ ರೂಪದ ಗ್ರೌಡನ್ ಮತ್ತು ಕೈಯೋಗರ್‌ಗಳನ್ನು ತಂದವು. ಆದಿಮ ಗ್ರೌಡನ್‌ನ ಬಿಸಿಲಿನಲ್ಲಿ ನೀರಿನ ದಾಳಿಗಳು ದುರ್ಬಲವಾಗುವುದಷ್ಟೇ ಅಲ್ಲ, ಸಂಪೂರ್ಣ ವಿಫಲವಾಗುತ್ತವೆ. ೨೦೧೬ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಅಮೆರಿಕದ ವುಲ್ಫ್ ಗ್ಲಿಕ್ ಅವರ ತಂಡದಲ್ಲಿ ಆದಿಮ ಕೈಯೋಗರ್ ಇತ್ತು. ಜೊತೆಗೆ ರೇಕ್ವಾಝಾ ಇತ್ತು. ರೇಕ್ವಾಝಾದ ಏರ್ ಲಾಕ್ ಗುಣ ಆ ಬಿಸಿಲಿನ ಪರಿಣಾಮವನ್ನು ತಡೆಯಬಲ್ಲದು. ಅದರ ಮೆಗಾ ರೂಪದ ಡೆಲ್ಟಾ ಸ್ಟ್ರೀಮ್ ಗುಣ ಆ ಬಿಸಿಲನ್ನೇ ಅಳಿಸಬಲ್ಲದು. ತನ್ನ ಹವಾಮಾನವನ್ನು ಎದುರಾಳಿ ಕಸಿದುಕೊಂಡಾಗ ಏನು ಮಾಡಬೇಕೆಂಬ ಪ್ರಶ್ನೆಗೆ ಈ ಜೋಡಿಯಲ್ಲಿ ಉತ್ತರ ಸಿದ್ಧವಾಗಿತ್ತು.