ಖಳನಿಗೂ ಒಂದು ಗತಕಾಲ

ಕಾಮಿಕ್ಸ್ ಲೋಕದಲ್ಲಿ ಖಳನಾಯಕನನ್ನು ಸೃಷ್ಟಿಸುವುದು ಬಹುಕಾಲ ಸುಲಭದ ಕೆಲಸವಾಗಿತ್ತು. ಇಳಿಬಿದ್ದ ಮೀಸೆ, ಉದ್ದನೆಯ ಉಗುರು, ಓರೆಗಣ್ಣು ಇಷ್ಟಿದ್ದರೆ ಸಾಕು. ಅವನು ಕೆಟ್ಟವನೇಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಇಂಗ್ಲಿಷ್ ಲೇಖಕ ಸ್ಯಾಕ್ಸ್ ರೋಮರ್‌ನ 1913ರ ಕಾದಂಬರಿಯ ಫು ಮಾಂಚು ಈ ಅಚ್ಚನ್ನು ಜನಪ್ರಿಯಗೊಳಿಸಿದ. 1934ರಲ್ಲಿ ಆರಂಭವಾದ 'ಫ್ಲ್ಯಾಶ್ ಗಾರ್ಡನ್' ಚಿತ್ರಮಾಲೆಯ ಚಕ್ರವರ್ತಿ ಮಿಂಗ್ ಬೇರೆ ಗ್ರಹದವನು. ಆದರೆ ಹೆಸರು, ಚಹರೆ ಎರಡೂ ಚೀನಾದ ನೆನಪು ತರುವಂಥವು. 1964ರಲ್ಲಿ 'ಐರನ್ ಮ್ಯಾನ್'ನ ಎದುರಾಳಿಯಾಗಿ ಬಂದ ಮ್ಯಾಂಡರಿನ್ ಕೂಡ ಅದೇ ವಂಶದವನು.

ಇದನ್ನು ಬರಿಯ ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಚೀನೀ ಕಾರ್ಮಿಕರ ವಲಸೆಗೆ ತಡೆಯೊಡ್ಡಿದ ಕಾಯ್ದೆ ಅಮೆರಿಕದಲ್ಲಿ 1882ರಿಂದ 1943ರವರೆಗೆ ಜಾರಿಯಲ್ಲಿತ್ತು. ಹಿರಿಯರ ಭಯವನ್ನು ಈ ಚಿತ್ರಗಳು ಮಕ್ಕಳ ಮನಸ್ಸಿಗೂ ದಾಟಿಸಿದವು. ಮುಖ ನೋಡಿ ಮನುಷ್ಯನನ್ನು ಅಳೆಯುವ ಪಾಠ ಆಟದಂತೆಯೇ ನಡೆಯಿತು.

ಈ ಅಚ್ಚನ್ನು ಬಿಟ್ಟರೆ ಏನು ಸಾಧ್ಯ ಎಂಬುದಕ್ಕೆ 'ಎಕ್ಸ್-ಮೆನ್' ಸರಣಿಯ ಮ್ಯಾಗ್ನೆಟೋ ಒಳ್ಳೆಯ ನಿದರ್ಶನ. ಸ್ಟಾನ್ ಲೀ ಮತ್ತು ಜಾಕ್ ಕರ್ಬಿ 1963ರಲ್ಲಿ ರೂಪಿಸಿದ ಈ ಪಾತ್ರಕ್ಕೆ ಮೊದಲು ಇದ್ದದ್ದು ಲೋಕವನ್ನು ಆಳುವ ಹುಚ್ಚು ಮಾತ್ರ. 1975ರಲ್ಲಿ ಸರಣಿಯ ಬರವಣಿಗೆ ವಹಿಸಿಕೊಂಡ ಕ್ರಿಸ್ ಕ್ಲೇರ್‌ಮಾಂಟ್ ಅವನಿಗೊಂದು ಗತಕಾಲ ಕೊಟ್ಟರು. 1981ರ 150ನೇ ಸಂಚಿಕೆಯಲ್ಲಿ, ಎದುರಾಳಿಗಳ ಪೈಕಿ ಒಬ್ಬ ಎಳೆಯ ಹುಡುಗಿಯನ್ನು ಕೊಂದೆನೆಂದು ಭಾವಿಸಿ ಮ್ಯಾಗ್ನೆಟೋ ಕುಸಿಯುತ್ತಾನೆ. ತಾನು ಬೆಳೆದದ್ದು ಆಶ್ವಿಟ್ಜ್‌ನ ನಾಜಿ ಶಿಬಿರದಲ್ಲಿ ಎಂದು ಆಗ ತಿಳಿಸುತ್ತಾನೆ. ತನ್ನ ಕುಲಕ್ಕೆ ಮತ್ತೆ ಅಂಥ ಗತಿ ಬರಬಾರದೆಂಬ ಅವನ ಆತಂಕ ನ್ಯಾಯವಾದದ್ದು. ಆದರೆ ತನ್ನವರೇ ಶ್ರೇಷ್ಠರೆಂದು ಹೊರಟವನು ತನ್ನನ್ನು ಪೀಡಿಸಿದವರ ದಾರಿಯನ್ನೇ ಹಿಡಿದಿರುತ್ತಾನೆ. ಓದುಗನಿಗೆ ಅವನ ನೋವು ಅರ್ಥವಾಗುತ್ತದೆ, ಅವನ ಕೃತ್ಯ ಒಪ್ಪಿಗೆಯಾಗುವುದಿಲ್ಲ.

ಕನ್ನಡಿಗರಿಗೆ ಈ ಬಗೆಯ ಪ್ರತಿನಾಯಕ ಹೊಸಬನಲ್ಲ. ನಾಗಚಂದ್ರನ 'ರಾಮಚಂದ್ರಚರಿತ ಪುರಾಣ'ದ ರಾವಣ ಸೀತೆಯ ನಿಷ್ಠೆಯನ್ನು ಕಂಡು ಪಶ್ಚಾತ್ತಾಪಪಡುತ್ತಾನೆ. ಆದರೆ ಯುದ್ಧದಲ್ಲಿ ಗೆದ್ದ ಮೇಲೆಯೇ ಅವಳನ್ನು ಒಪ್ಪಿಸುವೆನೆಂಬ ಅಭಿಮಾನ ಅವನನ್ನು ಕೆಡಿಸುತ್ತದೆ.

ಹಾಗೆಂದು ಪ್ರತಿಯೊಬ್ಬ ಖಳನಿಗೂ ಕಣ್ಣೀರಿನ ಬಾಲ್ಯವನ್ನು ಅಂಟಿಸಿದರೆ ಅದೂ ಇನ್ನೊಂದು ಅಚ್ಚಾದೀತು. ನೋವು ಉಂಡವರೆಲ್ಲ ಕ್ರೂರಿಗಳಾಗುವುದಿಲ್ಲ. ಬೇರೆ ದಾರಿ ಇದ್ದಾಗಲೂ ಅವನು ಇದನ್ನೇ ಏಕೆ ಆರಿಸಿಕೊಂಡ ಎಂಬುದನ್ನು ಲೇಖಕ ತೋರಿಸಬೇಕು. ಆ ಉತ್ತರ ಸಿಕ್ಕಾಗ ಮೀಸೆ, ಉಗುರುಗಳ ಹಂಗು ಖಳನಿಗೆ ಬೇಕಾಗುವುದಿಲ್ಲ.